ಶಾಂತವೇರಿ ಗೋಪಾಲಗೌಡರು ಚುನಾವಣೆಗೆ ನಿಂತದ್ದು ಯಾತಕ್ಕಾಗಿ? 1952ರ ಸಾಗರ–ಹೊಸನಗರ ಕ್ಷೇತ್ರದ ಬಗ್ಗೆ ಒಂದು ಚರ್ಚೆ

ಕೆಳದಿ ರಸ್ತೆಯ ಓದುಗ (ಚರ್ಚೆ ಆರಂಭಿಸಿದವರು)

ವಿಧಾನಸಭಾ ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಮನೆಗೆ ಅಭ್ಯರ್ಥಿಗಳ ಕರಪತ್ರಗಳು ಬರುತ್ತವೆ. ಮೊದಲ ಪುಟದಲ್ಲಿ ತಾವು ರಾಜಕೀಯಕ್ಕೆ ಬಂದ ಕಾರಣವನ್ನು ಬರೆದುಕೊಂಡಿರುತ್ತಾರೆ, ಹಿಂದಿನ ಪುಟದಲ್ಲಿ ಗೆದ್ದರೆ ಮಾಡುವ ಕೆಲಸಗಳ ಪಟ್ಟಿ ಇರುತ್ತದೆ. ಈ ಎರಡು ಪುಟಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಿರುವುದು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಮೊದಲ ಪುಟದಲ್ಲಿ ತಂದೆಯ ಕಷ್ಟದ ಬದುಕು ಮತ್ತು ಊರಿನ ಋಣ, ಹಿಂದಿನ ಪುಟದಲ್ಲಿ ಯಾವ ತಾಲ್ಲೂಕಿಗೂ ಹೊಂದುವ ರಸ್ತೆ, ನೀರು, ಆಸ್ಪತ್ರೆ. ಆ ಬದುಕಿನಿಂದ ಈ ಪಟ್ಟಿ ಹೇಗೆ ಹುಟ್ಟಿತು ಎಂಬುದು ತಿಳಿಯುವುದೇ ಇಲ್ಲ.

ಇವೆರಡೂ ಒಂದೇ ಆಗಿದ್ದ ಅಭ್ಯರ್ಥಿಯೊಬ್ಬರನ್ನು ನಮ್ಮ ಕ್ಷೇತ್ರವೇ ಕಂಡಿದೆ. ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರ ಮಾರ್ಚ್ 14ರಂದು ಹುಟ್ಟಿದ ಶಾಂತವೇರಿ ಗೋಪಾಲಗೌಡರು 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಎದುರಿಗೆ ಇದ್ದವರು ಕಾಂಗ್ರೆಸ್ಸಿನ ಎ. ಆರ್. ಬದರಿನಾರಾಯಣ್, ಹಣ ಮತ್ತು ಸ್ಥಾನಮಾನ ಎರಡರಲ್ಲೂ ಬಲಿಷ್ಠರು. ಗೋಪಾಲಗೌಡರ ಬಳಿ ಇದ್ದದ್ದು ಅದರ ಹಿಂದಿನ ವರ್ಷ, 1951ರ ಏಪ್ರಿಲ್‌ನಲ್ಲಿ ಆರಂಭವಾದ ಕಾಗೋಡು ಸತ್ಯಾಗ್ರಹ, ಅಂದರೆ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರ ರೈತರು ಭೂಮಾಲೀಕರ ವಿರುದ್ಧ ನಡೆಸಿದ ಹೋರಾಟ ಮಾತ್ರ. ಮತದಾರರು ಒಂದು ಓಟಿನ ಜೊತೆಗೆ ಒಂದು ರೂಪಾಯಿಯ ನೋಟನ್ನೂ ಕೊಡಬೇಕೆಂದು ಕೇಳಿ ಅವರು ಪ್ರಚಾರ ನಡೆಸಿದ್ದನ್ನು ಈ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ.

ಆ ಅಭ್ಯರ್ಥಿಯನ್ನು ಚುನಾವಣೆಗೆ ತಂದದ್ದು ಯಾವುದು, ಸದನದಲ್ಲಿ ಅವರು ಯಾವುದಕ್ಕೆ ಆದ್ಯತೆ ಕೊಟ್ಟರು, ಮೊದಲನೆಯದರಿಂದ ಎರಡನೆಯದು ಹೇಗೆ ಬಂತು ಎಂಬುದನ್ನು ಬಲ್ಲವರು ಇಲ್ಲಿ ಬರೆಯಬೇಕೆಂದು ವಿನಂತಿಸುತ್ತೇನೆ. ಬರಿಯ ಹೊಗಳಿಕೆ ಬೇಡ. ಅವರ ಮಿತಿಗಳನ್ನೂ ಬರೆಯಿರಿ.

ಗೇಣಿದಾರರ ಮೊಮ್ಮಗ

ನಮ್ಮ ಅಜ್ಜ ಸಾಗರ ಸೀಮೆಯ ದೀವರ ಸಮುದಾಯದ ಗೇಣಿದಾರ, ಅಂದರೆ ಒಡೆಯರ ಭೂಮಿಯನ್ನು ಉತ್ತು ಅದಕ್ಕೆ ಭತ್ತವನ್ನು ಗೇಣಿಯಾಗಿ ಕೊಡುತ್ತಿದ್ದವರು. ಅವರು ಹೇಳಿದ್ದನ್ನು ಕೇಳಿ ಬೆಳೆದವನಾದ್ದರಿಂದ ಕಾರಣದ ವಿಷಯಕ್ಕೆ ನೇರವಾಗಿ ಬರುತ್ತೇನೆ. ಕಾಗೋಡಿನಲ್ಲಿ ಜಗಳ ಹತ್ತಿದ್ದು ಭತ್ತ ಅಳೆಯುವ ಕೊಳಗದಿಂದ. ಮೂರು ಸೇರಿನ ಕೊಳಗವೇ ನ್ಯಾಯದ ಅಳತೆಯೆಂದು ರೈತರ ವಾದ. ಒಡೆಯರ ಕಣದಲ್ಲಿ ಅಳೆಯುತ್ತಿದ್ದ ಕೊಳಗ ಅದಕ್ಕಿಂತ ದೊಡ್ಡದು. ವರ್ಷವಿಡೀ ಬೆವರು ಸುರಿಸಿ ಬೆಳೆದ ಭತ್ತದಲ್ಲಿ ಗೇಣಿ ಕೊಟ್ಟು, ಬೀಜದ ಸಾಲ ತೀರಿಸಿ, ಉಳಿದದ್ದನ್ನು ಮನೆಗೆ ತರುವಾಗ ಪ್ರತಿ ಕೊಳಗಕ್ಕೂ ಹೋದ ಆ ಹೆಚ್ಚುವರಿ ಭತ್ತ ಮಳೆಗಾಲದ ಎಷ್ಟು ಊಟವಾಗುತ್ತಿತ್ತು ಎಂಬುದನ್ನು ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸುತ್ತಿದ್ದರು. ಅದರ ಜೊತೆಗೆ ಬಿಟ್ಟಿ ದುಡಿಮೆ, ಒಡೆಯರ ಎದುರು ಮೊಣಕಾಲಿನ ಕೆಳಗೆ ಪಂಚೆ ಬಿಡಬಾರದೆಂಬ ಕಟ್ಟುಪಾಡು, ಮುದುಕರಿಗೂ ಏಕವಚನ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದ್ದು ಈ ನೆಲದಲ್ಲಿಯೇ. ಒಡೆಯರು ಭೂಮಿಯಿಂದ ಬಿಡಿಸಿದಾಗ ರೈತರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು, ಪೊಲೀಸರು ಹಿಡಿದೊಯ್ದರು, ಮರುದಿನ ಇನ್ನೊಂದು ತಂಡ ಇಳಿಯಿತು. ಸಮಾಜವಾದಿ ಪಕ್ಷ ಈ ಹೋರಾಟವನ್ನು ತನ್ನದಾಗಿಸಿಕೊಂಡಿತು. ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು.

ಗೋಪಾಲಗೌಡರು ಗೇಣಿದಾರರಾಗಿರಲಿಲ್ಲ, ದೀವರೂ ಆಗಿರಲಿಲ್ಲ. ಬಡ ಒಕ್ಕಲಿಗ ಕುಟುಂಬದಿಂದ ಬಂದು, 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ತಮ್ಮದಲ್ಲದ ಗದ್ದೆ, ತಮ್ಮದಲ್ಲದ ಜಾತಿ, ತಮ್ಮ ಹುಟ್ಟೂರಿಲ್ಲದ ತಾಲ್ಲೂಕು. ಅಲ್ಲಿ ಬಂದು ನಿಂತವರನ್ನು ನಮ್ಮ ಅಜ್ಜನಂಥವರು ತಮ್ಮವರೆಂದು ಒಪ್ಪಿಕೊಂಡರು. ಸತ್ಯಾಗ್ರಹದ ದಿನಗಳಲ್ಲಿ ಚುನಾವಣೆಯ ಮಾತು ನಮ್ಮ ಊರಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲವೆಂದು ಅಜ್ಜ ಹೇಳುತ್ತಿದ್ದರು. ಓಟಿನ ಲೆಕ್ಕವಿಲ್ಲದಾಗ ಒಬ್ಬ ಮನುಷ್ಯ ಎಲ್ಲಿ ನಿಂತಿದ್ದ ಎಂಬುದರಲ್ಲಿ ಅವನ ಉದ್ದೇಶ ಕಾಣುತ್ತದೆ ಎಂದು ನಾನು ನಂಬಿದ್ದೇನೆ.

ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ಮೇಲಿನ ಮಿತ್ರರ ಭಾವನೆಯನ್ನು ಗೌರವಿಸುತ್ತಲೇ ಒಂದು ತಿದ್ದುಪಡಿ ಸೂಚಿಸುತ್ತೇನೆ. 1951ರ ಏಪ್ರಿಲ್‌ನಿಂದ ಮತದಾನಕ್ಕೆ ಒಂದು ವರ್ಷವೂ ಉಳಿದಿರಲಿಲ್ಲ. ಚುನಾವಣೆ ಬರುತ್ತದೆಂಬುದು ಸಮಾಜವಾದಿ ಪಕ್ಷಕ್ಕೆ ಗೊತ್ತೇ ಇತ್ತು, ಪಕ್ಷವೆಂದ ಮೇಲೆ ಅದು ಸಹಜವೂ ಹೌದು. ಹಾಗಾಗಿ ಸತ್ಯಾಗ್ರಹದಲ್ಲಿ ಓಟಿನ ಲೆಕ್ಕವೇ ಇರಲಿಲ್ಲ ಎಂದು ಹೇಳುವುದು ಕಷ್ಟ. ಹೋರಾಟವನ್ನು ಪಕ್ಷ ವಹಿಸಿಕೊಂಡ ರೀತಿಯ ಬಗ್ಗೆ, ಗೇಣಿದಾರರದೇ ಸಂಘಟನೆಯ ಪಾತ್ರ ಮರೆಯಾಯಿತೇ ಎಂಬ ಬಗ್ಗೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಗಣಪತಿಯಪ್ಪನವರ ಹೆಸರನ್ನು ತಾವು ಬರೆದದ್ದು ಒಳ್ಳೆಯದಾಯಿತು.

ಆದರೂ ಗೋಪಾಲಗೌಡರ ಮಟ್ಟಿಗೆ ಈ ಆಕ್ಷೇಪ ಹೆಚ್ಚು ದೂರ ಹೋಗುವುದಿಲ್ಲ. ಅಧಿಕಾರವೇ ಗುರಿಯಾಗಿದ್ದರೆ 1952ರಲ್ಲಿ ಆಯ್ದುಕೊಳ್ಳಬೇಕಾಗಿದ್ದ ಪಕ್ಷ ಬೇರೆಯಿತ್ತು. 99 ಸ್ಥಾನಗಳ ಅಂದಿನ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಸ್ಥಾನಗಳನ್ನು ಗೆದ್ದಿತು, ಸಮಾಜವಾದಿಗಳು ಬೆರಳೆಣಿಕೆಯಷ್ಟು ಮಂದಿ. ಆ ಸಣ್ಣ ಗುಂಪಿನಲ್ಲಿಯೇ ಅವರು ಕೊನೆಯವರೆಗೆ ಉಳಿದರು. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು, ಒಮ್ಮೆಯೂ ಮಂತ್ರಿಯಾಗಲಿಲ್ಲ. ಅಭ್ಯರ್ಥಿಯ ಉದ್ದೇಶವನ್ನು ಚುನಾವಣೆಯ ಹಿಂದಿನ ವರ್ಷಕ್ಕಿಂತ ಸೋತ ನಂತರದ ವರ್ಷಗಳಲ್ಲಿ ಹುಡುಕುವುದು ಹೆಚ್ಚು ವಿಶ್ವಾಸಾರ್ಹವೆಂದು ನನ್ನ ಅಭಿಪ್ರಾಯ. 1957ರ ಸೋಲಿನ ನಂತರ ಅವರು ಪಕ್ಷ ಬದಲಿಸಲಿಲ್ಲ, ಮಾತೂ ಬದಲಿಸಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಅದೇ 1952ರಲ್ಲಿ ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಪರವಾಗಿ ಗೆದ್ದವರು ಕೆ. ಜಿ. ಒಡೆಯರ್, ಅಂದರೆ ಕಾಗೋಡಿನ ಭೂಮಾಲೀಕರೇ. ಒಂದೇ ಚುನಾವಣೆಯಲ್ಲಿ ಗದ್ದೆಯ ಒಡೆಯರು ದೆಹಲಿಗೆ ಹೋದರು, ಗದ್ದೆಗೆ ಇಳಿದವರ ಪ್ರತಿನಿಧಿಯಾಗಿ ಗೆದ್ದ ಗೋಪಾಲಗೌಡರು ಬೆಂಗಳೂರಿಗೆ ಹೋದರು. ಹಿಂದಿನ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಕಾಲದಲ್ಲಿ ಆಸ್ತಿ ಅಥವಾ ವಿದ್ಯೆ ಇದ್ದವರಿಗೆ ಮಾತ್ರ ಮತದ ಹಕ್ಕು ಇದ್ದದ್ದರಿಂದ, ಸಾಗರದ ಸಾಮಾನ್ಯ ಗೇಣಿದಾರ ಮತ ಹಾಕಿದ್ದು ಇದೇ ಮೊದಲು. ಆ ಮತದಾರನೇ ಇಲ್ಲದಿದ್ದರೆ ಗೋಪಾಲಗೌಡರ ಉದ್ದೇಶ ಎಷ್ಟು ಶುದ್ಧವಾಗಿದ್ದರೂ ಅದು ಸದನದ ಬಾಗಿಲನ್ನು ದಾಟುತ್ತಿರಲಿಲ್ಲ.

ಹೊಸನಗರದ ವಕೀಲೆ

ಉದ್ದೇಶದ ಬಗ್ಗೆ ಸಾಕಷ್ಟು ಚರ್ಚೆಯಾಗಿರುವುದರಿಂದ ನಾನು ಆದ್ಯತೆಗಳ ಬಗ್ಗೆ ಬರೆಯುತ್ತೇನೆ. ಭೂಮಿಯ ದಾವೆಗಳನ್ನು ನಡೆಸುವವಳಾದ ನನಗೆ ಗೋಪಾಲಗೌಡರ ಹೆಚ್ಚುಗಾರಿಕೆ ಕಾಣುವುದು ಈ ವಿಷಯದಲ್ಲಿ: ಗೇಣಿಯ ಪ್ರಮಾಣ ಇಳಿಸುವುದು ಒಂದು ಬೇಡಿಕೆ, ಗೇಣಿಯನ್ನೇ ಇಲ್ಲವಾಗಿಸುವುದು ಇನ್ನೊಂದು ಬೇಡಿಕೆ, ಮತ್ತು ಈ ಎರಡರ ನಡುವೆ ಇಪ್ಪತ್ತು ವರ್ಷಗಳ ಕಾನೂನಿನ ಇತಿಹಾಸವಿದೆ. 1952ರಲ್ಲಿಯೇ ಮೈಸೂರಿನಲ್ಲಿ ಗೇಣಿ ಕಾಯಿದೆ ಬಂತು, 1954ರಲ್ಲಿ ಇನಾಂ (ಹಿಂದೆ ದತ್ತಿಯಾಗಿ ಕೊಟ್ಟ ಭೂಮಿ) ರದ್ದತಿಯ ಕಾಯಿದೆ ಬಂತು. ಇವುಗಳ ಹಿಂದೆ ಇದ್ದವರು ಕಂದಾಯ ಸಚಿವರಾಗಿದ್ದ ಕಡಿದಾಳ್ ಮಂಜಪ್ಪನವರು. ಅವರೂ ತೀರ್ಥಹಳ್ಳಿ ಸೀಮೆಯವರೇ, ಕಾಂಗ್ರೆಸ್ಸಿನವರು, 1956ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯೂ ಆದರು. ಭೂಸುಧಾರಣೆಯ ಕಥೆ ಹೇಳುವಾಗ ಸಮಾಜವಾದಿಗಳ ಪಕ್ಕದಲ್ಲಿ ಮಂಜಪ್ಪನವರನ್ನೂ ಕೂರಿಸದಿದ್ದರೆ ಅನ್ಯಾಯವಾಗುತ್ತದೆ.

ಏಕೀಕರಣದ ನಂತರ ಬಿ. ಡಿ. ಜತ್ತಿಯವರ ಸಮಿತಿ ಕುಳಿತು, 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡು, 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಆದರೆ ಅದರಲ್ಲಿ ಸ್ವಂತ ಸಾಗುವಳಿಗೆ ಬೇಕೆಂದು ಭೂಮಾಲೀಕನು ಗೇಣಿದಾರನಿಂದ ಭೂಮಿಯ ಒಂದು ಪಾಲನ್ನು ಹಿಂದಕ್ಕೆ ಪಡೆಯಲು ಅವಕಾಶವಿತ್ತು. ಕಾಯಿದೆಯ ಅಂಗೀಕಾರಕ್ಕೂ ಜಾರಿಗೂ ನಡುವೆ ನಾಲ್ಕು ವರ್ಷ ಸಿಕ್ಕಿದರೆ, ಒಪ್ಪಿಗೆಯ ಹೆಸರಿನಲ್ಲಿ ಗೇಣಿದಾರನನ್ನು ಬಿಡಿಸಿ ದಾಖಲೆ ಸರಿಮಾಡಿಕೊಳ್ಳಲು ಎಷ್ಟು ದಾರಿಗಳಿರುತ್ತವೆ ಎಂಬುದು ಕಂದಾಯ ಕಚೇರಿಯ ಕಡತ ನೋಡಿದ ಯಾರಿಗಾದರೂ ತಿಳಿಯುತ್ತದೆ. ಉಳುವವನೇ ನೆಲದೊಡೆಯನಾಗಬೇಕು ಎಂಬ ಸಮಾಜವಾದಿಗಳ ಮಾತು ಬರಿಯ ಘೋಷಣೆಯಲ್ಲ, ಅದೊಂದು ನಿಖರವಾದ ಕಾನೂನಿನ ನಿಲುವು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಭೂಮಾಲೀಕನಿಗೆ ಹಿಂದಕ್ಕೆ ಪಡೆಯುವ ಹಕ್ಕು ಇರುವವರೆಗೆ ಗೇಣಿದಾರನ ರಕ್ಷಣೆ ಕಾಗದದ ಮೇಲಿನದು. ಹಕ್ಕು ಪೂರ್ತಿಯಾಗಿ ಕೈ ಬದಲಾಗಬೇಕು.

ಅದು ನಡೆದದ್ದು 1974ರ ಮಾರ್ಚ್ 1ರಂದು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯಿಂದ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ ವಶಕ್ಕೆ ಬಂತು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿಗಳು ತೀರ್ಮಾನಿಸಿದವು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ನನ್ನ ವೃತ್ತಿಯವರಿಗೆ ಇದು ಹಿತವಾದ ನಿಯಮವಲ್ಲ; ಆದರೆ ಓದು ಬಾರದ ಗೇಣಿದಾರ ತನ್ನ ಮಾತನ್ನು ತಾನೇ ಹೇಳಲು ಅದು ಅವಕಾಶ ಕೊಟ್ಟಿತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಗೋಪಾಲಗೌಡರು ತೀರಿಕೊಂಡದ್ದು 1972ರ ಜೂನ್ 9ರಂದು. ಇನ್ನು ಇಪ್ಪತ್ತೊಂದು ತಿಂಗಳು ಬದುಕಿದ್ದರೆ ತಾವು ಕೇಳಿದ್ದನ್ನು ಕಾಯಿದೆಯಾಗಿ ನೋಡುತ್ತಿದ್ದರು.

ತೀರ್ಥಹಳ್ಳಿಯವಳು

ವಕೀಲೆ ಮೇಡಂ ಅವರು ಬರೆದದ್ದೆಲ್ಲ ಸತ್ಯ. ಅದರ ಇನ್ನೊಂದು ಬದಿಯಲ್ಲಿ ಬೆಳೆದವಳು ನಾನು. ನನ್ನ ಅಜ್ಜಿ ಮೂವತ್ತಕ್ಕೂ ಮೊದಲೇ ವಿಧವೆಯಾದವರು. ಅವರ ಹೆಸರಿನಲ್ಲಿದ್ದ ಸಣ್ಣ ಗದ್ದೆಯನ್ನು ಸ್ವತಃ ಉಳಲಾಗದೆ ಗೇಣಿಗೆ ಕೊಟ್ಟಿದ್ದರು. 1961ರ ಕಾಯಿದೆಯಲ್ಲಿ ವಿಧವೆಯರಿಗೂ ಅಪ್ರಾಪ್ತ ಮಕ್ಕಳಿಗೂ ಇದ್ದ ವಿನಾಯಿತಿಯನ್ನು 1974ರಲ್ಲಿ ತೆಗೆದುಹಾಕಲಾಯಿತು, ಸೈನಿಕರು ಮತ್ತು ನಾವಿಕರದು ಮಾತ್ರ ಉಳಿಯಿತು. ಗದ್ದೆ ಹೋಯಿತು. ಕಂತುಗಳಲ್ಲಿ ಬಂದ ಪರಿಹಾರ ಅವರ ಔಷಧಿಗೂ ಸಾಕಾಗಲಿಲ್ಲ. ದೊಡ್ಡ ಜಮೀನ್ದಾರರು ಅಡಿಕೆ ತೋಟವನ್ನು ಉಳಿಸಿಕೊಂಡರು, ಮಕ್ಕಳನ್ನು ಓದಿಸಿ ಪಟ್ಟಣಕ್ಕೆ ಕಳುಹಿಸಿದರು. ಎರಡು ಖಂಡುಗ ಗೇಣಿಯಿಂದ ಬದುಕುತ್ತಿದ್ದ ಒಂಟಿ ಹೆಂಗಸರಿಗೆ ಆ ದಾರಿ ಇರಲಿಲ್ಲ.

ಇದನ್ನು ಭೂಸುಧಾರಣೆ ತಪ್ಪೆಂದು ಹೇಳಲು ಬರೆಯುತ್ತಿಲ್ಲ. ಅಜ್ಜಿಯ ಗದ್ದೆ ಪಡೆದ ಮನೆಯ ಹುಡುಗಿ ನನ್ನ ಸಹಪಾಠಿಯಾಗಿದ್ದಳು, ಅವಳು ನರ್ಸಿಂಗ್ ಓದಿದ್ದು ಆ ಗದ್ದೆಯ ಆದಾಯದಿಂದಲೇ ಎಂಬುದು ನನಗೆ ಗೊತ್ತು. ನಾನು ಕೇಳುವುದಿಷ್ಟು: ಅಭ್ಯರ್ಥಿಯ ಆದ್ಯತೆ ಒಂದು ಅನ್ಯಾಯವನ್ನು ಕಣ್ಣಾರೆ ಕಂಡದ್ದರಿಂದ ಹುಟ್ಟಿದಾಗ, ಆ ಕಣ್ಣಿಗೆ ಬೀಳದವರ ಗತಿಯನ್ನು ಯಾರು ನೋಡಬೇಕು? ಕಾಗೋಡಿನಲ್ಲಿ ಎದುರಿಗಿದ್ದವರು ದೊಡ್ಡ ಒಡೆಯರು. ಕಾಯಿದೆ ತಯಾರಾಗುವಾಗ ಗೇಣಿಗೆ ಕೊಟ್ಟವರೆಲ್ಲ ದೊಡ್ಡ ಒಡೆಯರೇ ಆಗಿಬಿಟ್ಟರು.

ನಿವೃತ್ತ ಉಪನ್ಯಾಸಕ, ಶಿವಮೊಗ್ಗ

ತಂಗಿಯವರ ಪ್ರಶ್ನೆ ಮುಖ್ಯವಾದದ್ದು. ಅದಕ್ಕೆ ಇನ್ನೊಂದು ಗುಂಪನ್ನೂ ಸೇರಿಸುತ್ತೇನೆ. ಗೇಣಿಯ ಚೀಟಿ, ಸಾಕ್ಷಿ, ಸಾಗುವಳಿಯ ನಮೂದು ಇವುಗಳಲ್ಲಿ ಯಾವುದೋ ಒಂದು ಇದ್ದವನು ಒಡೆಯನಾದ. ಇನ್ನೊಬ್ಬರ ಗದ್ದೆಯಲ್ಲಿ ಕೂಲಿಗೆ ದುಡಿಯುತ್ತಿದ್ದ ದಲಿತ ಕುಟುಂಬದ ಕೈಗೆ ಈ ಕಾಯಿದೆಯಿಂದ ಹೆಚ್ಚೇನೂ ಬರಲಿಲ್ಲ, ಏಕೆಂದರೆ ಒಬ್ಬರು ಹೊಂದಬಹುದಾದ ಮಿತಿಗೆ (ಭೂಮಿತಿಗೆ) ಮೀರಿದ ಭೂಮಿ ಹಂಚಿಕೆಗೆ ಸಿಕ್ಕಿದ್ದು ಬಹಳ ಕಡಿಮೆ. ಹೊಲ ಉತ್ತವನು ಯಾರು ಎಂಬ ಪ್ರಶ್ನೆಗೆ ಗೇಣಿದಾರ ಎಂಬ ಉತ್ತರ ಮಲೆನಾಡಿನ ಮಟ್ಟಿಗೆ ಸರಿಯಿತ್ತು, ಆದರೆ ಪೂರ್ಣವಾಗಿರಲಿಲ್ಲ. ಗೋಪಾಲಗೌಡರು ಲೋಹಿಯಾ ಅವರ ಶಿಷ್ಯರಾದ್ದರಿಂದ ಜಾತಿಯ ಪ್ರಶ್ನೆಯನ್ನು ಭೂಮಿಯ ಪ್ರಶ್ನೆಯಷ್ಟೇ ಮುಖ್ಯವೆಂದು ಬಗೆದವರು. ಆದರೂ ಅವರಿಗೆ ಮತ ಕೊಟ್ಟು ಗೆಲ್ಲಿಸಿದ ಬಲ ಗೇಣಿದಾರರದಾಗಿತ್ತು, ಮತ್ತು ಚಳವಳಿ ನಡೆದದ್ದು ಆ ಬಲ ಇದ್ದಷ್ಟು ದೂರ. ಅವರ ಮಿತಿಗಳನ್ನೂ ಬರೆಯಿರಿ ಎಂದು ಆರಂಭದಲ್ಲಿ ಕೇಳಿದವರಿಗೆ ನನ್ನ ಉತ್ತರ ಇದು.

ಭಾಷೆಯ ವಿಷಯ ಇದುವರೆಗೆ ಯಾರೂ ಎತ್ತಲಿಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿರಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು ಎಂದು ಅವರು ಸದನದಲ್ಲಿ ಹಟ ಹಿಡಿದು ವಾದಿಸಿದವರು. ಇದನ್ನು ಅವರ ಭೂಮಿಯ ವಾದದಿಂದ ಬೇರೆಯಾಗಿ ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗೇಣಿದಾರನಿಗೆ ಬರುವ ನೋಟಿಸು ಅವನಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ, ಕೊಳಗ ದೊಡ್ಡದಿದ್ದಾಗ ಆಗುತ್ತಿದ್ದ ಮೋಸವೇ ಕಚೇರಿಯಲ್ಲಿಯೂ ಆಗುತ್ತದೆ. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಅವರು ತೀರಿಕೊಂಡ ಮರುವರ್ಷ. ಅವರ ಸಮಾಜವಾದಿ ಬಳಗದವರೇ ಆದ ಜೆ. ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನೂ ಇದರ ಜೊತೆಯಲ್ಲಿಯೇ ಓದಬೇಕು.

ಗೇಣಿದಾರರ ಮೊಮ್ಮಗ

ತೀರ್ಥಹಳ್ಳಿಯ ಅಕ್ಕನವರ ಬರಹವನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲಿ ಈ ಕಥೆ ಹೇಳುವಾಗ ಒಡೆಯರ ಕಡೆಯ ಹೆಂಗಸರ ಪ್ರಸ್ತಾಪ ಒಮ್ಮೆಯೂ ಬಂದದ್ದಿಲ್ಲ. ಇನ್ನು ಮುಂದೆ ಹೇಳುವಾಗ ಅದನ್ನೂ ಸೇರಿಸುತ್ತೇನೆ.

ಉಪನ್ಯಾಸಕರು ಹೇಳಿದ ಕೂಲಿಕಾರರ ವಿಷಯವೂ ಸರಿಯಾದದ್ದೇ. ಆದರೆ ಮಂತ್ರಿಯಾಗದ ಶಾಸಕನ ಸಾಧನೆ ಏನೆಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ ಎಂದುಕೊಂಡು ಈಗಲೇ ಉತ್ತರಿಸುತ್ತೇನೆ. ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು ವಿಧಾನಸಭೆಯ ಅಧ್ಯಕ್ಷರಾದರು, ಕಂದಾಯ ಸಚಿವರಾದರು. ಗೇಣಿದಾರರ ಊರಿನವರು ಪಹಣಿಗಳನ್ನು ನೋಡಿಕೊಳ್ಳುವ ಕಂದಾಯ ಖಾತೆಯನ್ನೇ ನಡೆಸಿದ್ದು ನಮ್ಮ ಅಜ್ಜನ ತಲೆಮಾರಿಗೆ ಕನಸಿನಲ್ಲಿಯೂ ಹೊಳೆಯದ ಸಂಗತಿ. ಸೊರಬದಿಂದ ಬಂಗಾರಪ್ಪನವರು 1967ರಲ್ಲಿ ಸಮಾಜವಾದಿಯಾಗಿ ಸದನಕ್ಕೆ ಬಂದು ಮುಂದೆ ಮುಖ್ಯಮಂತ್ರಿಯಾದರು, ಪಟೇಲರೂ ಆದರು. ಇವರೆಲ್ಲರ ಎಲ್ಲ ನಿರ್ಧಾರಗಳನ್ನು ನಾನು ಸಮರ್ಥಿಸುತ್ತಿಲ್ಲ. ಮಲೆನಾಡಿನ ಹಿಂದುಳಿದವರು ವಿಧಾನಸಭೆಯನ್ನು ತಮ್ಮ ಜಾಗವೆಂದು ತಿಳಿಯಲು ಆರಂಭಿಸಿದ್ದು 1952ರ ಆ ಗೆಲುವಿನಿಂದ ಎಂದಷ್ಟೇ ಹೇಳುತ್ತಿದ್ದೇನೆ.

ಶರಾವತಿ ಹಿನ್ನೀರು

ಈ ಚರ್ಚೆಯಲ್ಲಿ ನಾನು ತಡವಾಗಿ ಸೇರುತ್ತಿದ್ದೇನೆ. ನಮ್ಮ ಕುಟುಂಬ ಶರಾವತಿಯಲ್ಲಿ ಮುಳುಗಡೆಯಾದದ್ದು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ 1948ರಲ್ಲಿ ಮುಗಿಯಿತು, ಲಿಂಗನಮಕ್ಕಿ 1964ರಲ್ಲಿ. ಗೇಣಿದಾರರಿಗೆ ಭೂಮಿಯ ಹಕ್ಕು ಬರುವ ಹೊತ್ತಿಗೆ ನಮ್ಮ ಭೂಮಿ ನೀರಿನ ಕೆಳಗಿತ್ತು. ಲಾರಿಗಳಲ್ಲಿ ತಂದು ಕಾಡಿನಂಚಿನಲ್ಲಿ ಬಿಟ್ಟ ಜಾಗ ಇಂದಿಗೂ ಕಡತದಲ್ಲಿ ಅರಣ್ಯವಾಗಿಯೇ ಇದೆ. ನಮಗಾಗಿ ಮಾಡಿದ್ದ ಡಿನೋಟಿಫಿಕೇಷನ್, ಅಂದರೆ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಆದೇಶಗಳನ್ನು ಉಚ್ಚ ನ್ಯಾಯಾಲಯ 2021ರಲ್ಲಿ ರದ್ದುಮಾಡಿದ ಮೇಲೆ ಇದ್ದ ಅಲ್ಪ ಭರವಸೆಯೂ ಹೋಯಿತು. ಹಿನ್ನೀರಿನಾಚೆಯ ತುಮರಿ ಕಡೆಗೆ ಸೇತುವೆ ಬೇಕೆಂದು ಎಷ್ಟು ಅಭ್ಯರ್ಥಿಗಳ ಕರಪತ್ರದಲ್ಲಿ ಓದಿದೆವೋ ಲೆಕ್ಕವಿಲ್ಲ. ಕೊನೆಗೂ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು, ಮಳೆಗಾಲದ ರಾತ್ರಿ ಬಾಣಂತಿಯರನ್ನು ಲಾಂಚಿಗಾಗಿ ಕಾಯಿಸುವ ಭಯ ತಪ್ಪಿತು. ಅದಕ್ಕೆ ನಾವು ಕೃತಜ್ಞರು. ಹಕ್ಕುಪತ್ರ ಮಾತ್ರ ಇನ್ನೂ ಬಂದಿಲ್ಲ.

ನಮ್ಮ ತಂದೆಯವರು ಪ್ರತಿ ಅಭ್ಯರ್ಥಿಯನ್ನೂ ಮನೆಯೊಳಗೆ ಕರೆದು ಕೂರಿಸಿ, ಆಸರಿಗೆ ಕೊಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದರು: ನಮ್ಮ ಸರ್ವೆ ನಂಬರ್ ಯಾವುದೆಂದು ಗೊತ್ತೇ ಎಂದು. ಗೊತ್ತಿಲ್ಲವೆಂದು ಒಪ್ಪಿ ಬರೆದುಕೊಂಡು ಹೋದವರು ಒಬ್ಬರೋ ಇಬ್ಬರೋ.

ಹೊಸನಗರದ ವಕೀಲೆ

ತಮ್ಮ ತಂದೆಯವರ ಪ್ರಶ್ನೆಯನ್ನು ನಾನು ಕಾನೂನಿನ ಭಾಷೆಯಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಇಂದಿನ ಅಭ್ಯರ್ಥಿಯ ಆದ್ಯತೆಯನ್ನು ಪರೀಕ್ಷಿಸಲು ಅದು ನೇರವಾದ ಮಾರ್ಗ. 2020ರ ತಿದ್ದುಪಡಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಅವಕಾಶ ಕೊಟ್ಟಿತು. ಕಾಗೋಡಿನ ಹೆಸರು ಹೇಳಿ ಮತ ಕೇಳುವವರು ಈ ತಿದ್ದುಪಡಿಯ ಬಗ್ಗೆ ತಮ್ಮ ನಿಲುವನ್ನು ಲಿಖಿತವಾಗಿ ಕೊಡಬೇಕು. ಬಗರ್‌ಹುಕುಂ (ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಭೂಮಿ) ಅರ್ಜಿಗಳು, ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಹಕ್ಕು, ಇವುಗಳ ಬಗ್ಗೆಯೂ ಹಾಗೆಯೇ. ಅರಣ್ಯ ಹಕ್ಕು ಕಾಯಿದೆಯಡಿ ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. 1964ರಲ್ಲಿ ಸರ್ಕಾರವೇ ತಂದು ಬಿಟ್ಟವರು ಅಲ್ಲಿ 75 ವರ್ಷಗಳ ದಾಖಲೆ ತರುವುದು ಹೇಗೆ ಸಾಧ್ಯ? ಇದಕ್ಕೆ ಉತ್ತರ ಹುಡುಕದೆ ಮುಳುಗಡೆ ಸಂತ್ರಸ್ತರ ಪರ ಎಂದು ಹೇಳಿಕೊಳ್ಳುವುದು ಸರಿಯಲ್ಲ.

ಹಣದ ವಿಷಯದಲ್ಲಿ ಒಂದು ಮಾತು. ಇಂದು ಕರ್ನಾಟಕದ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ, ಮತ್ತು ವಾಸ್ತವದ ಖರ್ಚು ಅಲ್ಲಿಗೆ ನಿಲ್ಲುವುದಿಲ್ಲವೆಂದು ಎಲ್ಲರೂ ಬಲ್ಲರು. ಮತದಾರನಿಂದ ಒಂದು ರೂಪಾಯಿ ಪಡೆದವರು ಮತದಾರನಿಗೆ ಲೆಕ್ಕ ಕೊಡಬೇಕಾಗುತ್ತದೆ. ಬೇರೆಯವರಿಂದ ಪಡೆದವರು ಅವರಿಗೆ ಕೊಡುತ್ತಾರೆ. ಗೋಪಾಲಗೌಡರ ಆದ್ಯತೆಗಳು ಇಪ್ಪತ್ತು ವರ್ಷ ಅಲುಗದೆ ನಿಂತದ್ದಕ್ಕೆ ಅವರ ಗುಣದಷ್ಟೇ ಈ ಒಂದು ರೂಪಾಯಿಯ ನೋಟೂ ಕಾರಣವೆಂದು ನಾನು ತಿಳಿದಿದ್ದೇನೆ.

ಕೆಳದಿ ರಸ್ತೆಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಕರಪತ್ರದ ಎರಡು ಪುಟಗಳ ನಡುವೆ ಸಂಬಂಧ ಇರಬೇಕೆಂದು ಬರೆದಾಗ, ಮೊದಲ ಪುಟದ ಬದುಕು ಅಭ್ಯರ್ಥಿಯ ಸ್ವಂತ ಬದುಕೇ ಆಗಿರಬೇಕೆಂದು ನಾನು ತಿಳಿದಿದ್ದೆ. ಗೇಣಿದಾರರಲ್ಲದ ಗೋಪಾಲಗೌಡರ ವಿಷಯದಲ್ಲಿ ಅದು ತಪ್ಪೆಂದು ಈಗ ಮನವರಿಕೆಯಾಗಿದೆ. ತೀರ್ಥಹಳ್ಳಿಯವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಮುಂದಿನ ಚುನಾವಣೆಗೆ ಮೊದಲು ನಮ್ಮ ಗ್ರಾಮ ಪಂಚಾಯಿತಿ ಸಭಾಂಗಣದಲ್ಲಿ ಎಲ್ಲ ಪಕ್ಷಗಳ ಅಭ್ಯರ್ಥಿಗಳನ್ನೂ ಕರೆಯಬೇಕೆಂದು ಕೆಲವರು ಮಾತನಾಡಿಕೊಂಡಿದ್ದೇವೆ. ಹಿನ್ನೀರಿನ ಮಿತ್ರರು ಒಪ್ಪಿದರೆ ಅವರ ಊರಿನ ಸರ್ವೆ ನಂಬರುಗಳ ಪಟ್ಟಿಯನ್ನು, ವಕೀಲೆಯವರು ಒಪ್ಪಿದರೆ ಅವರ ಪ್ರಶ್ನೆಗಳನ್ನು, ಒಂದು ವಾರ ಮುಂಚಿತವಾಗಿ ಅಭ್ಯರ್ಥಿಗಳಿಗೆ ಕಳುಹಿಸುತ್ತೇವೆ. ಖಾಸಗಿ ಸಂದೇಶದಲ್ಲಿ ತಿಳಿಸಿ.

ಶರಾವತಿ ಹಿನ್ನೀರು

ಪಟ್ಟಿ ನನ್ನ ಬಳಿ ಇದೆ. ತಂದೆಯವರ ಕೈಬರಹದಲ್ಲಿದೆ, ಕೆಲವು ಅಂಕಿಗಳು ಮಾಸಿವೆ. ಈ ಭಾನುವಾರ ಅಣ್ಣನ ಜೊತೆ ಕುಳಿತು ಪಹಣಿಯೊಂದಿಗೆ ತಾಳೆ ನೋಡಿ ಕಳುಹಿಸುತ್ತೇನೆ.